ಅಜ್ಜಿ ನಿಲ್ಲಿಸುತ್ತಿದ್ದ ಜಾಗ

ಆ ಮನೆಯವರು ಸಂಜೆಯ ಪ್ರಾರ್ಥನೆ ಹಾಡುವಾಗ ನಡುವೆ ಒಂದು ಕಡೆ ನಿಲ್ಲಿಸುತ್ತಿದ್ದರು. ‘ಕೈಯ ಚಾಚಿ ನಿಂತೆ ಒಡೆಯ’ ಎಂಬ ಸಾಲು ಮುಗಿದ ಕೂಡಲೇ ಎಲ್ಲರ ಬಾಯಿ ಮುಚ್ಚುತ್ತಿತ್ತು, ತಲೆ ತಗ್ಗುತ್ತಿತ್ತು. ನಾಲ್ಕೈದು ಉಸಿರಿನಷ್ಟು ಹೊತ್ತು. ಅಷ್ಟರೊಳಗೆ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದನ್ನು ಮನಸ್ಸಿನಲ್ಲೇ ದೇವರ ಹತ್ತಿರ ಕೇಳಿಕೊಳ್ಳಬೇಕು. ಎರಡು ಕೇಳಬಾರದು. ಏನು ಕೇಳಿದೆ ಎಂದು ಯಾರೂ ಯಾರನ್ನೂ ವಿಚಾರಿಸಬಾರದು. ಆಮೇಲೆ ಹಾಡು ಮುಂದಿನ ಸಾಲಿಗೆ ಹೋಗುತ್ತಿತ್ತು.

ಈ ಹಾಡನ್ನು ಮನೆಗೆ ತಂದವರು ಅಜ್ಜಿ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಒಂದು ದೊಡ್ಡ ಲಾಂಡ್ರಿಯಲ್ಲಿ ಅವರು ಹತ್ತೊಂಬತ್ತು ವರ್ಷ ದುಡಿದಿದ್ದರು. ಲಾಂಡ್ರಿಯ ಹಿಂದಿನ ಗೋಡೆಯೂ ಸಂಗೀತ ಸಭಾಂಗಣದ ಅಭ್ಯಾಸದ ಕೋಣೆಯ ಗೋಡೆಯೂ ಒಂದೇ. ಮಧ್ಯಾಹ್ನ ಮೂರಕ್ಕೆ ಅಲ್ಲಿ ಪಾಠ. ಪಾಠ ಶುರುವಾಗುತ್ತಿದ್ದುದು ಈ ಹಾಡಿನಿಂದ. ಗವಾಕ್ಷಿಯಿಂದ ಇಳಿದು ಬಂದದ್ದನ್ನು ಅಜ್ಜಿ ಕಿವಿಯಲ್ಲಿ ತುಂಬಿಕೊಂಡು ಮನೆಗೆ ತಂದು, ಒಲೆ ಆರಿಸಿದ ಮೇಲೆ ಹಾಡುತ್ತಿದ್ದರು. ಆ ನಿಲುಗಡೆಯೂ ಅವರ ಜೊತೆಗೇ ಬಂದದ್ದು.

ತಾತ ಪುಸ್ತಕಗಳಿಗೆ ರಟ್ಟು ಕಟ್ಟುವವರು. ದೈವಭಕ್ತರು. ಹಾಡು ಕಟ್ಟಿದ ಪುಣ್ಯಾತ್ಮರು ಬೇಕೆಂದೇ ಅಲ್ಲಿ ಜಾಗ ಬಿಟ್ಟಿದ್ದಾರೆ ಎಂದು ಅವರು ನಂಬಿದ್ದರು. ಒಡೆಯನ ಮುಂದೆ ಕೈ ಚಾಚಿದ ಮೇಲೆ ಕೇಳುವುದಕ್ಕೆ ಹೊತ್ತು ಕೊಡಬೇಡವೇ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು. ಅಜ್ಜಿ ಇದಕ್ಕೆ ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ.

ಅವರ ಮಗ ಚಿಕ್ಕವನಿದ್ದಾಗ ಆ ಜಾಗದಲ್ಲಿ ಮೂರು ತಿಂಗಳು ಸೈಕಲ್ ಕೇಳಿದ. ಮನಸ್ಸಿನಲ್ಲಿ ಕೇಳಿಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಪಿಸುಗುಟ್ಟುತ್ತಿದ್ದ, ಬಣ್ಣ ಸಹಿತ. ತಾತ ಹಳೆಯ ಸೈಕಲ್ಲೊಂದನ್ನು ತಂದು ಹಸಿರು ಬಣ್ಣ ಬಳಿದು ನಿಲ್ಲಿಸಿದ ದಿನ ಹುಡುಗ ಅಪ್ಪನ ಮುಖ ನೋಡದೆ ಮೇಲಕ್ಕೆ ನೋಡಿ ಥ್ಯಾಂಕ್ಸ್ ಹೇಳಿದ. ಅಜ್ಜಿ ನಕ್ಕು ನಕ್ಕು ಕೆಮ್ಮಿದರು. ಸೊಸೆ ಮದುವೆಯಾಗಿ ಬಂದ ಮೊದಲ ವಾರ, ಎಲ್ಲರೂ ಇದ್ದಕ್ಕಿದ್ದಂತೆ ಸುಮ್ಮನಾದದ್ದು ಕಂಡು ಯಾರಿಗೋ ಏನೋ ಆಯಿತೆಂದು ಹೆದರಿ ನೀರು ತರಲು ಎದ್ದಿದ್ದಳು. ಆ ಕಥೆಯನ್ನು ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದರೂ ಹಳತಾಗುತ್ತಿರಲಿಲ್ಲ.

ಅಜ್ಜಿ ಹೋಗಿ ಹನ್ನೊಂದು ತಿಂಗಳಾಗಿತ್ತು. ಈಗ ಹಾಡು ಎತ್ತುವವಳು ಮೊಮ್ಮಗಳು, ಮನೆಯವರ ಬಾಯಲ್ಲಿ ಗುಬ್ಬಿ. ಹನ್ನೆರಡು ವರ್ಷ, ಒಳ್ಳೆಯ ಕಂಠ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮುಗಿಸಿ ಬಂದು, ಕೈತೊಳೆದು, ಸಾಲಿನಲ್ಲಿ ಕೂರುತ್ತಿದ್ದಳು. ಮಗ ಲಿಫ್ಟ್ ರಿಪೇರಿಯವನು; ಹಾಡುವಾಗ ಹಾಡುತ್ತಿದ್ದ. ನಿಲ್ಲಿಸುವ ಜಾಗ ಬಂದಾಗ ಮಾತ್ರ ತಲೆ ತಗ್ಗಿಸುತ್ತಿರಲಿಲ್ಲ. ಎದುರಿನ ಗೋಡೆ ನೋಡುತ್ತಿದ್ದ, ಇಲ್ಲವೇ ಉಗುರಿನ ಸಂದಿಯ ಗ್ರೀಸು ಕೆರೆಯುತ್ತಿದ್ದ. ತಾತನಿಗೆ ಅದು ಓರೆಗಣ್ಣಿನಲ್ಲಿ ಕಾಣುತ್ತಿತ್ತು.

ಜಗಳ ಶುರುವಾದದ್ದು ಗುಬ್ಬಿಯ ಸಂಗೀತದ ಪಾಠದಿಂದ. ಮೇಡಂ ಹತ್ತು ಹುಡುಗಿಯರನ್ನು ಆರಿಸಿ, ಮುಂದಿನ ತಿಂಗಳ ಶಾಲೆಯ ಕಾರ್ಯಕ್ರಮಕ್ಕೆ ಇದೇ ಹಾಡನ್ನು ಕಲಿಸಲು ಕೂರಿಸಿದ್ದರು. ಒಂಬತ್ತು ಜನ ಮುಂದಕ್ಕೆ ಹೋದರೆ ಗುಬ್ಬಿ ಒಬ್ಬಳೇ ತಲೆ ತಗ್ಗಿಸಿ ನಿಂತುಬಿಟ್ಟಳು. ಪಕ್ಕದವಳೂ ತಪ್ಪಿದಳು. ಯಾಕೆ ನಿಲ್ಲಿಸಿದೆ ಎಂದು ಮೇಡಂ ಕೇಳಿದ್ದಕ್ಕೆ, “ಅಲ್ಲಿ ಕೇಳ್ಕೋಬೇಕಲ್ಲ ಮೇಡಂ” ಎಂದಳು. ಎಲ್ಲರೂ ನಕ್ಕರು. ಅಲ್ಲಿ ಮಾತು ಇದೆ, ನೀನು ಒಂದು ತುಂಡನ್ನೇ ನುಂಗುತ್ತೀಯ, ಸರಿಮಾಡಿಕೊಳ್ಳದಿದ್ದರೆ ಗುಂಪಿನಿಂದ ಬಿಡಬೇಕಾಗುತ್ತದೆ ಎಂದು ಮೇಡಂ ಹೇಳಿ ಕಳಿಸಿದ್ದರು.

ಅವತ್ತು ರಾತ್ರಿಯ ಊಟಕ್ಕೆ ಬೇಯಿಸಿದ ಆಲೂಗೆಡ್ಡೆ, ಬ್ರೆಡ್ಡು. ಗುಬ್ಬಿ ತಟ್ಟೆಯಲ್ಲಿ ಆಲೂಗೆಡ್ಡೆಯನ್ನು ಹಿಸುಕುತ್ತ ಕೂತಿದ್ದವಳು, ಅಲ್ಲಿರುವ ಮಾತು ಏನೆಂದು ಹೇಳುವುದಕ್ಕೆ ಬಾಯಿ ತೆರೆದಳು. ತಾತ ಅಂಗೈ ಅಡ್ಡ ಹಿಡಿದರು.

“ಬೇಡ. ಈ ಮನೆಯಲ್ಲಿ ಬೇಡ.”

“ಇರೋದನ್ನ ಹೇಳಿದರೆ ಏನಪ್ಪ?” ಎಂದ ಮಗ.

“ಇದೆ ಅಂತ ಯಾರು ಹೇಳಿದ್ದು? ನಿನ್ನೆ ಮೊನ್ನೆ ಬಂದ ಮೇಡಂ. ನಿಮ್ಮಮ್ಮ ಕಲಿತದ್ದು ಮೂಲದಿಂದ.”

“ಅಮ್ಮ ಕಲಿತದ್ದು ಗೋಡೆಯಿಂದ.”

ಸೊಸೆ ಗಂಡನ ಮೊಣಕೈ ಮುಟ್ಟಿದಳು. ಅವನು ನಿಲ್ಲಲಿಲ್ಲ. ವರ್ಷದಿಂದ ನುಂಗಿಕೊಂಡಿದ್ದದ್ದು ಆಲೂಗೆಡ್ಡೆಯ ನೆಪದಲ್ಲಿ ಹೊರಗೆ ಬಂತು. “ಹತ್ತು ತಿಂಗಳು ಅಮ್ಮ ಮಲಗಿದ್ಲು. ನಾಲ್ಕು ಜನ, ದಿನಾ ಸಂಜೆ, ಅದೇ ಜಾಗದಲ್ಲಿ ಅದೊಂದನ್ನೇ ಕೇಳಿದ್ವಿ. ಗುಬ್ಬಿ ಕೂಡ ಅದನ್ನೇ ಕೇಳಿದ್ಲು, ನನಗೆ ಗೊತ್ತು. ಸಿಕ್ತಾ ಅಪ್ಪ? ಆಮೇಲೂ ಅಲ್ಲಿ ನಿಂತು ಕೈ ಚಾಚ್ತೀವಿ. ಯಾರ ಮುಂದೆ? ಹಾಡಿನಲ್ಲಿ ಬಿಟ್ಟುಹೋದ ಒಂದು ತುಂಡಿನ ಮುಂದೆ.”

ತಾತ ತಟ್ಟೆ ಸರಿಸಿದರು. ಗುಬ್ಬಿ ಅಳುತ್ತಿದ್ದಳು.

ಬಿಕ್ಕಟ್ಟು ಬಿಡಿಸಿದವರು ಆ ಮೇಡಂ ಅವರೇ. ಸಭಾಂಗಣಕ್ಕೆ ಹಿರಿಯ ಗಾಯಕಿಯೊಬ್ಬರು ಬರುತ್ತಾರೆ, ಅವರು ಕಚೇರಿಯನ್ನು ಮುಗಿಸುವುದೇ ಈ ಹಾಡಿನಿಂದ, ಮನೆಯವರೆಲ್ಲ ಹೋಗಿ ಕೇಳಿ ಎಂದು ನಾಲ್ಕು ಟಿಕೆಟ್ ಕಳಿಸಿಕೊಟ್ಟರು. ಮಗ ಟಿಕೆಟ್ಟುಗಳನ್ನು ಮೇಜಿನ ಮೇಲೆ ಇಟ್ಟು ಪಣ ಹೂಡಿದ. ಆ ಗಾಯಕಿ ಅಲ್ಲಿ ನಿಲ್ಲಿಸಿದರೆ ಇನ್ನು ಮೇಲೆ ತಾನೂ ತಲೆ ತಗ್ಗಿಸಿ ನಿಲ್ಲುವುದು, ಗುಬ್ಬಿಯನ್ನು ಬೇರೆ ಮೇಡಂ ಹತ್ತಿರ ಹಾಕುವುದು. ಅವರು ನಿಲ್ಲಿಸದಿದ್ದರೆ ಈ ಮನೆಯಲ್ಲೂ ಯಾರೂ ನಿಲ್ಲಿಸಕೂಡದು.

“ಒಪ್ಪಿದೆ” ಎಂದರು ತಾತ. ಅವರಿಗೆ ಸಂಶಯವೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರೂವರೆಗೆ ಕಚೇರಿ. ಅದಕ್ಕೆ ಹದಿನೈದು ದಿನ ಇತ್ತು. ಆ ಹದಿನೈದು ದಿನ ಮನೆಯಲ್ಲಿ ಒಂದು ರೀತಿಯ ಹಳೆಯ ಗಾಳಿ ಬೀಸಿತು. ಸೊಸೆ ಪೆಟ್ಟಿಗೆಯ ತಳದಿಂದ ಮಾವನ ಕಂದು ಕೋಟು ತೆಗೆದು ಬಿಸಿಲಿಗೆ ಹಾಕಿದಳು. ತೋಳಿನ ಅಂಚು ಸವೆದಿತ್ತು. ಒಳಕ್ಕೆ ಮಡಿಸಿ ಹೊಲಿದಳು. ಹೊಲಿಗೆ ನೋಡಿ, ನನ್ನ ಹತ್ತಿರ ಕೆಲಸಕ್ಕಿದ್ದಿದ್ದರೆ ನಿನಗೆ ದಪ್ಪ ಪುಸ್ತಕಗಳನ್ನೇ ಕೊಡುತ್ತಿದ್ದೆ ಎಂದು ತಾತ ಹೊಗಳಿದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಮಗ ಎಲ್ಲರ ಬೂಟುಗಳಿಗೆ ಪಾಲಿಶ್ ಹಾಕಿದ, ಪಣ ಕಟ್ಟಿದವನು ಕರೆದುಕೊಂಡು ಹೋಗುವುದನ್ನಾದರೂ ನೆಟ್ಟಗೆ ಮಾಡಬೇಕಲ್ಲ ಎನ್ನುವಂತೆ.

ತಾತನೂ ಅಜ್ಜಿಯೂ ಆ ಸಭಾಂಗಣದ ಒಳಗೆ ಕಾಲಿಟ್ಟವರೇ ಅಲ್ಲ. ಹೋಗೋಣ ಎಂಬ ಮಾತು ಮಾತ್ರ ಮನೆಯಲ್ಲಿ ಮೂವತ್ತು ವರ್ಷ ಇತ್ತು. ಮಗನ ಓದು ಮುಗಿಯಲಿ ಎಂದಾಯಿತು, ಮನೆಯ ಮಾಡು ಸರಿಮಾಡಿಸೋಣ ಎಂದಾಯಿತು. ಒಂದು ಸಲ, ಹೊಸತರಲ್ಲಿ, ತಾತ ಲಾಂಡ್ರಿಯ ಬಾಗಿಲಲ್ಲಿ ಹೆಂಡತಿಗಾಗಿ ಕಾದು, ಇಬ್ಬರೂ ಸುತ್ತುಹಾಕಿ ಸಭಾಂಗಣದ ಮುಂಬಾಗಿಲ ಮೆಟ್ಟಿಲಿಗೆ ಹೋಗಿ ಕಡಲೆಕಾಯಿ ಸುಲಿದು ತಿಂದಿದ್ದರು. ಒಳಗೆ ಯಾರೋ ಪಿಟೀಲು ಶ್ರುತಿ ಮಾಡುತ್ತಿದ್ದರು. ಕಾವಲುಗಾರ ಬಂದು ಸಿಪ್ಪೆ ಆರಿಸಿಕೊಂಡು ಹೋಗಿ ಎಂದ. ಆರಿಸಿಕೊಂಡು ಬಂದರು. ಬರುವಾಗ ಅಜ್ಜಿ, “ಹಿಂದಿನ ಗೋಡೆಯಿಂದಾನೇ ಚೆನ್ನಾಗಿ ಕೇಳುತ್ತೆ ಬಿಡಿ” ಎಂದಿದ್ದರು. ಅವರ ಕೂದಲಿನಲ್ಲಿ ಸೋಪಿನ, ಬಿಸಿ ಬಟ್ಟೆಯ ವಾಸನೆ ಇರುತ್ತಿತ್ತು. ದಿಂಬಿಗೂ ಅದೇ ವಾಸನೆ. ಲಾಂಡ್ರಿ ಮುಚ್ಚಿದ ಮೇಲೂ ಎಷ್ಟೋ ದಿನ ಅದು ಹೋಗಿರಲಿಲ್ಲ.

ಭಾನುವಾರ ಬೆಳಗಿನಿಂದಲೇ ಮಳೆ ಹನಿಯುತ್ತಿತ್ತು. ಎರಡು ಬಸ್ಸು ಬದಲಿಸಿ ಹೋದರು. ಲಾಂಡ್ರಿ ಇದ್ದ ಕಡೆ ಈಗ ಕಾರು ನಿಲ್ಲಿಸುವ ಬಯಲು. ಸಭಾಂಗಣದ ಹಿಂಗೋಡೆ ಬೆತ್ತಲೆಯಾಗಿ ಕಾಣುತ್ತಿತ್ತು. ಎತ್ತರದಲ್ಲಿ ಒಂದು ಗವಾಕ್ಷಿ, ಅದಕ್ಕೆ ಇಟ್ಟಿಗೆ ಇಟ್ಟು ಮುಚ್ಚಿದ್ದರು. ತಾತ ಮಳೆಯಲ್ಲೇ ನಿಂತು ಅದನ್ನು ನೋಡಿದರು. ಮಗ ಕೊಡೆಯನ್ನು ಅಪ್ಪನ ಮೇಲಕ್ಕೆ ಸರಿಸಿ, ತಾನು ನೆನೆಯುತ್ತ ಕಾದ.

ಒಳಗೆ ಹೋಗುವಾಗ ಕೊಡೆಗಳನ್ನು ಕೌಂಟರಿನಲ್ಲಿ ಕೊಟ್ಟು ಚೀಟಿ ತೆಗೆದುಕೊಳ್ಳಬೇಕಿತ್ತು. ಕುರ್ಚಿಗಳು ಮಡಿಸುವಂಥವು; ಗುಬ್ಬಿ ಕೂತರೆ ಅವಳ ಭಾರ ಸಾಲದೆ ಕುರ್ಚಿ ಮತ್ತೆ ಮೇಲಕ್ಕೆ ಮಡಿಸಿಕೊಳ್ಳುತ್ತಿತ್ತು. ಅವಳು ನಕ್ಕಳು, ತಾತನೂ ನಕ್ಕರು. ಕಾರ್ಯಕ್ರಮದ ಪುಸ್ತಿಕೆಯನ್ನು ತೆರೆದು ಓದುವ ಬದಲು ಬೆನ್ನು ನೋಡಿ, ಹೊಲಿಗೆಯಿಲ್ಲ, ಬರೀ ಪಿನ್ನು ಹೊಡೆದಿದ್ದಾರೆ, ತುಕ್ಕು ಹಿಡಿಯುತ್ತದೆ ಎಂದು ಪಕ್ಕದಲ್ಲಿದ್ದ ಅಪರಿಚಿತರಿಗೆ ಹೇಳಿದರು.

ಗಾಯಕಿ ತಾತನಷ್ಟೇ ವಯಸ್ಸಿನವರು. ಹಿಡಿದು ಕೂರಿಸಬೇಕಾಯಿತು. ಮೊದಲ ಅರ್ಧ ಗಂಟೆ ಕಂಠ ಒರಟಾಗಿತ್ತು, ಬಾಗಿಲು ಬಹಳ ದಿನದಿಂದ ತೆರೆಯದ ಮನೆಯಂತೆ. ಆಮೇಲೆ ತೆರೆದುಕೊಂಡಿತು. ಸೊಸೆ ಕಣ್ಣು ಮುಚ್ಚಿ ಕೇಳಿದಳು. ದಿನವೆಲ್ಲ ಕಣ್ಣಿನ ಕೆಲಸ ಮಾಡುವವಳಿಗೆ ಅದೇ ದೊಡ್ಡ ಸುಖ. ಮಗ ಒಂದು ಆಲಾಪದ ನಡುವೆ ಮುಂದಕ್ಕೆ ಬಾಗಿ ಗಲ್ಲಕ್ಕೆ ಕೈಕೊಟ್ಟ. ಸ್ವರವೊಂದು ಮೇಲೆ ಮೇಲೆ ಹೋಗುತ್ತ ನಡುವೆ ನಿಂತು, ಮತ್ತೆ ಏರುವಾಗ ಅವನ ಬೆರಳು ತೊಡೆಯ ಮೇಲೆ ಅಂತಸ್ತು ಎಣಿಸುವಂತೆ ಆಡುತ್ತಿತ್ತು. ಹೆಂಡತಿ ಇಲ್ಲಿ ಕೂರಬೇಕಿತ್ತು ಎಂದು ತಾತನಿಗೆ ಅನ್ನಿಸಿತು. ಕೂತಿದ್ದರೆ ನಿದ್ದೆ ಮಾಡುತ್ತಿದ್ದಳೋ ಏನೋ. ಎಂಟು ಗಂಟೆ ನಿಂತು ದುಡಿದವಳಿಗೆ ಇಂಥ ಮೆತ್ತನೆ ಕುರ್ಚಿ ಸಿಕ್ಕರೆ ಎಚ್ಚರವಿರುವುದು ಕಷ್ಟ.

ಕೊನೆಗೆ ಆ ಹಾಡು ಬಂತು. ಗುಬ್ಬಿ ತಾತನ ತೋಳು ಹಿಡಿದಳು. ನಿಧಾನವಾಗಿ, ಅಜ್ಜಿಗಿಂತ ಎಷ್ಟೋ ನಿಧಾನವಾಗಿ, ‘ಕೈಯ ಚಾಚಿ ನಿಂತೆ ಒಡೆಯ’ ಎಂದು ಆಕೆ ಹಾಡಿದರು. ತಾತ ಅಭ್ಯಾಸಬಲದಿಂದ ತಲೆ ತಗ್ಗಿಸಿದರು. ತಗ್ಗಿಸಿದ ತಲೆಯ ಮೇಲೆ ಮಾತು ಬಂದು ಬಿತ್ತು.

‘ಬೇಡಲರಿಯೆ, ತಿಳಿದು ನೀಡು.’

ಒಂದು ಉಸಿರೂ ಬಿಡುವಿರಲಿಲ್ಲ. ಎರಡನೆಯ ಚರಣದಲ್ಲೂ ಅದೇ, ಮೂರನೆಯದರಲ್ಲೂ ಅದೇ. ಹಾಡು ಕಟ್ಟಿದವರು ಜಾಗ ಬಿಟ್ಟಿರಲಿಲ್ಲ. ಬಿಟ್ಟಿರಲಿಲ್ಲ ಎನ್ನುವುದಷ್ಟೇ ಅಲ್ಲ, ತನಗೆ ಬೇಡುವುದಕ್ಕೆ ಬಾರದು, ನೀನೇ ತಿಳಿದು ಕೊಡು ಎಂದು ಅವರು ಹೇಳಿದ್ದ ಜಾಗದಲ್ಲೇ ಈ ಮನೆಯವರು ಮೂವತ್ತಕ್ಕೂ ಹೆಚ್ಚು ವರ್ಷ ಸೈಕಲ್ಲನ್ನೂ ಮಾಡಿನ ಹೆಂಚನ್ನೂ ಕೇಳಿದ್ದರು. ಕೊನೆಗೆ ಒಂದು ಜೀವವನ್ನು ಕೇಳಿದ್ದರು. ತಾತ ತಲೆ ಎತ್ತಲಿಲ್ಲ. ಸುತ್ತ ಚಪ್ಪಾಳೆ ಎದ್ದಾಗ ಮಗ ಅವರ ಕಡೆ ನೋಡಿ, ಬೇಗ ಬೇರೆ ಕಡೆ ತಿರುಗಿದ. ಗೆದ್ದವನ ಮುಖ ಅವನದಾಗಿರಲಿಲ್ಲ.

ಹೊರಗೆ ನೂಕುನುಗ್ಗಲು. ಬಸ್ಸು ತಪ್ಪಬಾರದೆಂದು ಮಗ ಹೆಂಡತಿ ಮಗಳನ್ನು ಕರೆದುಕೊಂಡು ಮುಂದೆ ಹೋದ. ತಾತ ಚೀಟಿ ಹಿಡಿದು ಕೊಡೆಯ ಸಾಲಿನಲ್ಲಿ ನಿಂತರು. ಕೌಂಟರಿನಲ್ಲಿದ್ದ ವಯಸ್ಸಾದ ಹೆಂಗಸು ಕೊಡೆ ಕೊಡದೆ ಅವರ ಮುಖವನ್ನೇ ನೋಡಿದಳು.

“ನೀವು ಶೀಟಮ್ಮನ ಯಜಮಾನರಲ್ವಾ?”

ತಾತನಿಗೆ ಅರ್ಥವಾಗಲಿಲ್ಲ. ಲಾಂಡ್ರಿಯಲ್ಲಿ ಎಲ್ಲರಿಗೂ ಅವರವರ ಕೆಲಸವೇ ಹೆಸರಾಗಿತ್ತು, ಬೆಡ್‌ಶೀಟ್ ಒತ್ತುತ್ತಿದ್ದ ನಿಮ್ಮವರು ಶೀಟಮ್ಮ, ಅಂಗಿಯ ಕತ್ತುಪಟ್ಟಿ ಒತ್ತುತ್ತಿದ್ದ ನಾನು ಕಾಲರಕ್ಕ, ಸಂಜೆ ನೀವು ಬಾಗಿಲಲ್ಲಿ ಕಾಯುತ್ತಿದ್ದದ್ದನ್ನು ಕಂಡು ನಾವೆಲ್ಲ ಅವರನ್ನು ಗೋಳುಹೊಯ್ದುಕೊಳ್ಳುತ್ತಿದ್ದೆವು ಎಂದು ಅವಳು ವಿವರಿಸಿದಳು. ಅಜ್ಜಿ ಹೋದ ಸುದ್ದಿ ಕೇಳಿ ಸ್ವಲ್ಪ ಹೊತ್ತು ಕೊಡೆಯ ಹಿಡಿಯನ್ನು ಒರೆಸಿದಳು. ಹಿಂದೆ ನಿಂತವರನ್ನು ಇನ್ನೊಬ್ಬನ ಕಡೆಗೆ ಕಳಿಸಿದಳು.

“ಈ ಹಾಡು ಬಂದರೆ ನನಗೆ ಕಾಲು ತಾನಾಗೇ ಎದ್ದುಬಿಡುತ್ತೆ” ಎಂದಳು. “ನಾವು ಕೆಲಸ ಮಾಡ್ತಿದ್ದದ್ದೇ ಇದರ ಲೆಕ್ಕಕ್ಕೆ. ‘ಕೈಯ ಚಾಚಿ’ ಶುರುವಾದಾಗ ಬಟ್ಟೆ ಹರಡೋದು. ‘ಒಡೆಯ’ ಅಂದ ಕೂಡಲೆ ಎಂಟು ಜನ ಎಂಟು ಇಸ್ತ್ರಿ ಪ್ರೆಸ್ಸಿನ ಪೆಡಲ್ ತುಳಿಯೋದು. ಬುಸ್ಸಂತ ಹಬೆ. ಮುಂದಿನ ಮಾತು ಹತ್ತೊಂಬತ್ತು ವರ್ಷ ನಮಗ್ಯಾರಿಗೂ ಕೇಳಲಿಲ್ಲ. ಹಬೆ ಇಳಿಯೋ ಹೊತ್ತಿಗೆ ಹಾಡು ಮುಂದೆ ಹೋಗಿರೋದು.”

ದೇವರು ಕೇಳಿಸಿಕೊಳ್ಳುವ ಹೊತ್ತೆಂದು ತಾತ ನಂಬಿದ್ದು ಎಂಟು ಪ್ರೆಸ್ಸುಗಳ ಹಬೆ. ಅವಳಿಗೂ ಗೊತ್ತಿರಲಿಲ್ಲ ಪಾಪ ಎಂದರು.

“ಗೊತ್ತಾಯ್ತು. ಲಾಂಡ್ರಿಯ ಕೊನೇ ದಿನ. ಬಾಯ್ಲರ್ ಆರಿಸಿಬಿಟ್ಟಿದ್ರು. ನಾವು ಲೆಕ್ಕ ತೀರಿಸಿಕೊಳ್ಳೋಕೆ ಮೂಟೆಗಳ ಮೇಲೆ ಕೂತಿದ್ವಿ. ಮೂರು ಗಂಟೆಗೆ ಹಾಡು ಬಂತು, ಆ ಮಾತೂ ಬಂತು. ಎಲ್ಲರೂ ಮುಖ ಮುಖ ನೋಡ್ಕೊಂಡ್ವಿ. ನಿಮ್ಮವರೊಬ್ಬರು ನಕ್ಕರು. ಮನೆಯಲ್ಲಿ ಮಾತ್ರ ಹೇಳಲ್ಲ ಅಂದ್ರು. ನಮ್ಮವರು ಆ ಜಾಗದಲ್ಲಿ ಏನೇನೋ ಕೇಳ್ಕೊಳ್ತಾರೆ, ಅದನ್ನ ತುಂಬಿಬಿಟ್ರೆ ಅವರು ಎಲ್ಲಿಗೆ ಹೋಗಬೇಕು ಅಂದ್ರು.”

ಲಾಂಡ್ರಿ ಮುಚ್ಚಿ ಹದಿನಾಲ್ಕು ವರ್ಷ. ಕೊನೆಯ ಸಂಜೆಯವರೆಗೂ, ಹಾಸಿಗೆಯಲ್ಲಿ ಮಲಗಿ ತುಟಿ ಮಾತ್ರ ಆಡಿಸುತ್ತಿದ್ದಾಗಲೂ, ಅವಳು ಆ ಮಾತನ್ನು ಬಾಯೊಳಗೆ ಇಟ್ಟುಕೊಂಡು ಇವರಿಗೋಸ್ಕರ ಸುಮ್ಮನಾಗಿದ್ದಳು. ತಾತ ಕೊಡೆ ಬಿಚ್ಚುವುದನ್ನು ಮರೆತು ಮಳೆಯಲ್ಲಿ ಬಸ್ಸಿನ ಕಡೆ ನಡೆದರು.

ಬಸ್ಸಿನಲ್ಲಿ ಮಗ, ಕೋಟು ನೆನೆದಿದೆಯಲ್ಲ ಎಂದಷ್ಟೇ ಹೇಳಿದ. ತಾತ ಹೇಳಬಹುದಿತ್ತು. ಅಮ್ಮ ತಿಳಿದೂ ಆ ಜಾಗ ಉಳಿಸಿದ್ದಳು ಎಂದು ಹೇಳಿದ್ದರೆ ಪಣವೇ ತಲೆಕೆಳಗಾಗುತ್ತಿತ್ತು. ಆದರೆ ಅವಳು ಮನೆಯಲ್ಲಿ ಹೇಳುವುದಿಲ್ಲ ಎಂದಿದ್ದಳು. ಕೊನೆಯವರೆಗೂ ಅವಳು ನಡೆಸಿದ ಮಾತನ್ನು ತಾನು ಒಂದು ಬಸ್ಸಿನ ಹಾದಿಯಲ್ಲಿ ಮುರಿಯಲಾರೆ ಎನ್ನಿಸಿತು. ಮನೆಗೆ ಬಂದು ಕೋಟು ನೇತುಹಾಕಿ, “ಗುಬ್ಬಿ, ನಾಳೆಯಿಂದ ಮಾತು ಸೇರಿಸಿ ಹೇಳಿಕೊಡು” ಎಂದರು.

ಮರುದಿನದಿಂದ ಹಾಡು ಬೇಗ ಮುಗಿಯತೊಡಗಿತು. ಹೊಸ ಮಾತು ತಾತನ ಬಾಯಲ್ಲಿ ಹೊಸ ಹಲ್ಲಿನ ಸೆಟ್ಟಿನಂತೆ ಅಲುಗುತ್ತಿತ್ತು. ಅವರು ಒಂದು ದಿನವೂ ತಪ್ಪಿಸಲಿಲ್ಲ. ಶಾಲೆಯ ಕಾರ್ಯಕ್ರಮದಲ್ಲಿ ಗುಬ್ಬಿ ಒಂಬತ್ತು ಜನರ ಜೊತೆ ಎಲ್ಲೂ ನಿಲ್ಲದೆ ಹಾಡಿದಳು. ಮೇಡಂ ಬೆನ್ನು ತಟ್ಟಿದರು. ಮನೆಗೆ ಬಂದು ಅವಳು ಸಂತೋಷವಾಯಿತೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ, ಅಜ್ಜಿಯ ಥರವೇ. ಹಾಡು ಮುಗಿದ ಮೇಲೆ ನಾಲ್ವರೂ ಏನೋ ಬಾಕಿಯಿದ್ದವರಂತೆ ಒಂದು ಗಳಿಗೆ ಕೂತಿದ್ದು, ಆಮೇಲೆ ಪಾತ್ರೆ ಎತ್ತುತ್ತಿದ್ದರು. ಮಗನೇ ಒಂದು ದಿನ, ಮನೆಯಲ್ಲಿ ಯಾಕೋ ಸದ್ದು ಜಾಸ್ತಿಯಾಗಿದೆ ಎಂದ.

ಐದನೆಯ ವಾರ ಅವನ ಜೊತೆಗಾರನೊಬ್ಬ, ಹೊಸ ಇಪ್ಪತ್ತು ಅಂತಸ್ತಿನ ಕಟ್ಟಡದಲ್ಲಿ ಲಿಫ್ಟು ಓಡಾಡುವ ಬಾವಿಯೊಳಗೆ ಬಿದ್ದು ಎರಡೂ ಕಾಲು ಮುರಿದುಕೊಂಡ. ಮಗ ಮನೆಯಲ್ಲಿ ಹೇಳಿರಲಿಲ್ಲ. ಕನ್ನಡಕ ತೆಗೆದುಕೊಳ್ಳಲು ಬಂದವರ ಬಾಯಿಂದ ಸೊಸೆಗೆ ತಿಳಿಯಿತು. ಸಂಜೆ ಬಂದವಳೇ, ಆ ಬಾವಿಗೆ ಈಗ ಯಾರು ಇಳಿಯುತ್ತಾರೆ ಎಂದು ಕೇಳಿದಳು.

“ಯಾರಾದರೂ ಇಳೀಲೇಬೇಕಲ್ಲ” ಎಂದ ಅವನು, ಬ್ರೆಡ್ಡು ಕತ್ತರಿಸುತ್ತ.

“ಯಾರಾದರೂ ಅಂದರೆ ನೀವು.”

“ನಾಳೆಯಿಂದ ನಾನು. ಹಗ್ಗ ಬದಲಾಯಿಸಿದ್ದಾರೆ. ನೀನು ಸುಮ್ಮನೆ ಗಾಬರಿಯಾಗಬೇಡ.”

ಅವಳು ಒಲೆ ಆರಿಸಿದಳು, ಕೈ ತೊಳೆದಳು, ಬಂದು ಕೂತಳು. ಗುಬ್ಬಿ ಹಾಡು ಎತ್ತಿದಳು. ‘ಕೈಯ ಚಾಚಿ ನಿಂತೆ ಒಡೆಯ’ ಎಂದು ಎಲ್ಲರೂ ಹೇಳಿ ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಸೊಸೆ ಮಗಳ ಮಂಡಿಯ ಮೇಲೆ ಕೈಯಿಟ್ಟಳು.

“ನಿಲ್ಲಿಸಮ್ಮ. ನನಗೆ ಕೇಳೋದಿದೆ.”

ಹಾಡು ಕಡಿಯಿತು. ಗುಬ್ಬಿ ಅಪ್ಪನ ಕಡೆ ನೋಡಿದಳು. ಪಣ ಅವನದು, ಬೇಡವೆನ್ನುವ ಹಕ್ಕು ಅವನದೇ. ಅವನು ಹೆಂಡತಿಯನ್ನು ನೋಡಿದ. ಅವಳು ಆಗಲೇ ತಲೆ ತಗ್ಗಿಸಿ ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಗಾಜು ಉಜ್ಜಿ ಒರಟಾದ ಬೆರಳುಗಳು ಒಂದನ್ನೊಂದು ಹಿಡಿದಿದ್ದವು. ಅವಳು ಏನು ಕೇಳುತ್ತಿದ್ದಾಳೆಂದು ಆ ಕೋಣೆಯಲ್ಲಿ ಯಾರೂ ವಿಚಾರಿಸಬೇಕಾಗಿರಲಿಲ್ಲ. ಮಗನ ತಲೆ ಮೆಲ್ಲಗೆ ಬಾಗಿತು, ತಾಯಿ ಹೋದ ಮೇಲೆ ಮೊದಲ ಸಲ.

ತಾತ ತಾವೂ ಕೇಳಿಕೊಳ್ಳಲು ಹೊರಟರು. ಮಗನ ಬಾಗಿದ ಕತ್ತು ಎದುರಿಗೆ ಕಾಣುತ್ತಿತ್ತು. ಮಾತು ಜೋಡಿಸಲಾಗಲಿಲ್ಲ. ತಿಳಿದು ನೀಡು ಎಂದಷ್ಟೇ ಬಂತು, ಅದನ್ನೇ ಹೇಳಿಕೊಂಡರು.

ನಾಲ್ಕೈದು ಉಸಿರು ಕಳೆಯಿತು. ಹತ್ತಾಯಿತು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು. ಗುಬ್ಬಿ ಒಂದು ಕಣ್ಣು ತೆರೆದು ಪಿಸುಗುಟ್ಟಿದಳು.

“ಅಮ್ಮ, ಆಯ್ತಾ?”

“ಇನ್ನೂ ಇಲ್ಲ.”

“ಅವಸರ ಮಾಡಬೇಡ ಗುಬ್ಬಿ” ಎಂದ ಮಗ, ತಲೆ ಎತ್ತದೆ. “ಅಮ್ಮನದು ಮುಗೀಲಿ.”